ಬಿಲ್ವಪತ್ರೆಯ ಐದು ಹುಳ

ಲಿಂಗರಾಜಪುರ
೧೨ ಫೆಬ್ರವರಿ, ಗುರುವಾರ

ನನ್ನ ಮುದ್ದಿನ ತಕರಾರುಗಾರ್ತಿ ಸೃಷ್ಟಿಗೆ,

ನಿನ್ನವ್ವ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ನಿಂತೇ ಬರೆಯುತ್ತಿದ್ದಾಳೆ. ಕೂತು ಬರೆಯುವ ಆಸೆಯೇನೋ ಇದೆ. ಆದರೆ ಕಿಟಕಿಯ ಬಳಿ ನಿನ್ನ ಐದನೆಯ ಹುಳ ಇನ್ನೂ ಗೂಡಿನೊಳಗೇ ಇದೆ, ನಾನು ಆಚೆ ಹೋದ ಗಳಿಗೆ ನೋಡಿಯೇ ಹೊರಗೆ ಬರುವುದು ಈ ಜಾತಿಯ ಚಾಳಿ. ಎರಡು ಸಲ ಮೋಸ ಹೋಗಿದ್ದೇನೆ. ಈ ಸಲ ಬಿಡುವವಳಲ್ಲ.

ಭಾನುವಾರದ ಫೋನಿನಲ್ಲಿ ಇದೆಲ್ಲ ಹೇಳಲಾಗುವುದಿಲ್ಲ. ಸಿಗುವುದು ಹತ್ತು ನಿಮಿಷ, ನಿನ್ನ ಹಿಂದೆ ಆರು ಹುಡುಗಿಯರ ಸಾಲು, ಅವರಲ್ಲೊಬ್ಬಳು ಯಾವಾಗಲೂ ಅಳುತ್ತಿರುತ್ತಾಳೆ. ಹಾಸ್ಟೆಲಿನಲ್ಲಿ ಮೊಬೈಲ್ ಕಸಿದುಕೊಂಡ ಪುಣ್ಯಾತ್ಮರು ಪತ್ರಕ್ಕೆ ಅಡ್ಡಿ ಮಾಡಿಲ್ಲವಲ್ಲ, ಅಷ್ಟು ಸಾಕು. ಎರಡನೇ ಪಿಯುಸಿ ಪರೀಕ್ಷೆಗೆ ಹದಿನಾರು ದಿನ ಇರುವಾಗ ಮಗಳಿಗೆ ಹುಳದ ಬಗ್ಗೆ ಇಷ್ಟುದ್ದ ಬರೆಯುವ ತಾಯಿ ನಿಮ್ಮ ಹಾಸ್ಟೆಲಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ನೀನೇ ಕೇಳಿದ್ದು, ನೀನೇ ಅನುಭವಿಸು.

ಸಂಕ್ರಾಂತಿಗೆ ಬಂದವಳು ಅಜ್ಜಿಯ ಬಿಲ್ವಪತ್ರೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. “ಅವ್ವಾ, ತೊಳೀಬ್ಯಾಡ! ಅದು ಹಕ್ಕಿ ಹಿಕ್ಕಿ ಅಲ್ಲ!” ಕೈಯಲ್ಲಿ ತಂಬಿಗೆ ಹಿಡಿದವಳು ಹಾಗೇ ನಿಂತೆ. ಎಲೆಯ ಮೇಲೆ ಕಪ್ಪಗೆ ಒಂದಿಷ್ಟು, ನಡುವೆ ಬಿಳಿ ಮಚ್ಚೆ, ಮೇಲೆ ಹಸಿಹಸಿ ಹೊಳಪು. ಯಾವ ಹಕ್ಕಿಯೂ ಇದಕ್ಕಿಂತ ಅಚ್ಚುಕಟ್ಟಾಗಿ ಮಾಡಲಾರದು. ನೀನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ, ಹಿಕ್ಕೆ ನಡೆಯತೊಡಗಿತು.

ಅಂದು ನಾನು ನಕ್ಕುಬಿಟ್ಟೆ. ನೀನು ಹಾಸ್ಟೆಲಿಗೆ ಹೋದ ಮೇಲೆ ಯೋಚಿಸಿದಾಗ ನಗು ಬರಲಿಲ್ಲ. ನಿಮ್ಮಜ್ಜಿ ಇಳಕಲ್ಲಿನಿಂದ ಕುಂಡದಲ್ಲಿ ಆ ಗಿಡ ತಂದು ಒಂಬತ್ತು ವರ್ಷವಾಯಿತು. ತೂತು ಬಿದ್ದ ಪತ್ರೆ ಲಿಂಗಕ್ಕೆ ಸಲ್ಲುವುದಿಲ್ಲ, ಕೊಳೆಯಾದದ್ದು ಮೊದಲೇ ಸಲ್ಲುವುದಿಲ್ಲ. ಅದಕ್ಕೆ ಅವರು ದಿನಾ ಮುಂಜಾನೆ ಒಂದೊಂದೇ ಎಲೆ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ, ನೀರು ಬಿಟ್ಟು ತೊಳೆಯುತ್ತಿದ್ದರು. ಅವರಾದ ಮೇಲೆ ನಾನು. ನಾವಿಬ್ಬರೂ ಸೇರಿ ಎಷ್ಟು ನೂರು ಮರಿಗಳನ್ನು ಮಡಿಯ ಹೆಸರಿನಲ್ಲಿ ಮೋರಿಗೆ ಕಳಿಸಿದ್ದೇವೋ ಆ ಶಿವನಿಗೇ ಗೊತ್ತು. ನಮ್ಮ ಗಿಡಕ್ಕೆ ಯಾಕೆ ಹುಳ ಬೀಳುವುದಿಲ್ಲ ಎಂದು ಪಕ್ಕದ ಮನೆಯವರು ಕೇಳಿದರೆ ಅಜ್ಜಿ ಭಕ್ತಿ ಎನ್ನುತ್ತಿದ್ದರು.

ಹೊರಡುವ ದಿನ ನೀನು ನೋಟ್‌ಪುಸ್ತಕ ಕೊಟ್ಟು, ಹುಳ ಐದಿವೆ, ಹೆಸರಿಡಬೇಡ, ಅಂಕಿ ಕೊಡು, ಕಂಡದ್ದನ್ನು ಕಂಡ ಹಾಗೆ ಬರಿ ಎಂದೆ. ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಮಾತು ಹೇಳಿದೆ. ನೀನು ಹೇಳುವುದರಲ್ಲಿ ಅರ್ಧ ಕಳೆದೇ ನಾನು ಕೇಳುವುದು ಅವ್ವ, ಈ ಸಲವಾದರೂ ಪೂರ್ತಿ ಕೇಳುವ ಹಾಗೆ ಮಾಡು, ಎಂದು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇದಕ್ಕೆ ನಿನ್ನ ಚೀಲದ ಜಿಪ್ಪು ಎಳೆದು ಕೈಗೆ ಕೊಟ್ಟೆ. ಸೃಷ್ಟಿ, ನನಗೆ ನನ್ನ ಮಗಳು ನನ್ನ ಮಾತನ್ನು ಪೂರ್ತಿ ಕೇಳಬೇಕು. ಚಿಟ್ಟೆ ಬರಲಿ ಬಿಡಲಿ, ನಾನು ಈ ಪತ್ರ ಹಿಡಿದು ಕೂತದ್ದು, ಅಲ್ಲ, ನಿಂತದ್ದು, ಅದಕ್ಕೇ.

ಆದ್ದರಿಂದ ಮೊದಲನೆಯದರಿಂದಲೇ ಶುರು ಮಾಡುತ್ತೇನೆ. ಅದನ್ನು ಹಕ್ಕಿ ಒಯ್ದಿತು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಸುಳ್ಳು. ನೀನು ಹೋದ ಮಾರನೆಯ ದಿನ, ಸೋಮವಾರ, ಆಫೀಸಿಗೆ ತಡವಾಗಿತ್ತು. ಪತ್ರೆ ಕಿತ್ತೆ, ನಲ್ಲಿ ಬಿಟ್ಟೆ, ಹೆಬ್ಬೆರಳಿನಿಂದ ಉಜ್ಜಿದೆ. ಕೈಗೆ ಗೊತ್ತಿರುವ ಕೆಲಸಕ್ಕೆ ಕಣ್ಣು ಬೇಕಾಗುವುದಿಲ್ಲ. ಮೆತ್ತಗೆ ಏನೋ ಸಿಕ್ಕಂತಾಗಿ ನೋಡುವಷ್ಟರಲ್ಲಿ ಸಿಂಕಿನ ಜಾಲರಿ ದಾಟಿ ಹೋಗಿತ್ತು. ಎಲ್ಲ ಗೊತ್ತಿದ್ದೂ ಮಾಡಿದೆ. ಅವತ್ತು ಪೂಜೆಗೆ ಕೂತಾಗ ಆ ಮೂರೆಲೆಯನ್ನು ಲಿಂಗಕ್ಕೆ ಏರಿಸಲು ಮನಸ್ಸು ಬರಲಿಲ್ಲ, ಬರೀ ವಿಭೂತಿ ಹಚ್ಚಿ ಎದ್ದೆ.

ಆ ಸಂಜೆಯೇ ಕುಂಡವನ್ನು ಬಾಲ್ಕನಿಯಿಂದ ಎತ್ತಿ ಅಡುಗೆಮನೆಯ ಕಿಟಕಿಯ ಹತ್ತಿರ ತಂದಿಟ್ಟೆ. ಉಳಿದ ನಾಲ್ಕಕ್ಕೆ ಗಿಡವನ್ನೇ ಬಿಟ್ಟುಕೊಟ್ಟೆ. ಬರುವ ಭಾನುವಾರ ಶಿವರಾತ್ರಿ. ಇವತ್ತಿಗೆ ಆ ಗಿಡದಲ್ಲಿ ಎಣಿಸಿ ಹನ್ನೊಂದು ಎಲೆ ಇದೆ, ಒಂದೂ ನೆಟ್ಟಗಿಲ್ಲ. ಹಲಸೂರಿನಲ್ಲಿ ಆಫೀಸಿನ ಹಿಂದಿನ ಬೀದಿಯಲ್ಲಿ ಹೂವಿನವಳ ಹತ್ತಿರ ಪತ್ರೆಗೆ ಹೇಳಿಟ್ಟಿದ್ದೇನೆ. ಮನೆಯಲ್ಲೇ ಗಿಡ ಇದೆ ಅಂದಿದ್ರಲ್ಲಕ್ಕಾ ಎಂದಳು. ಮನೆಯಲ್ಲಿ ತಿನ್ನುವವರು ಹೆಚ್ಚಾಗಿದ್ದಾರೆ ಎಂದೆ.

ತಿನ್ನುವುದೆಂದರೆ ಎಂಥ ತಿನ್ನುವುದು! ಎಲೆಯ ಅಂಚಿಗೆ ಕೂತು ತಲೆಯನ್ನು ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ ಒಂದೇ ಸಮನೆ ಇಳಿಸುತ್ತಾ ನಡುವಿನ ದಂಟಿನ ತನಕ ತಿಂದು ಮುಗಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು. ನಿಮ್ಮಪ್ಪನಿಗೆ ನಿನಗಿಂತ ಹೆಚ್ಚು ಹುಚ್ಚು ಹಿಡಿಯಿತು. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೇರಿಂಗ್ ಅಳೆದು ಪಾಸು ಫೇಲು ಮಾಡುವ ಮನುಷ್ಯ. ವರ್ನಿಯರ್ ತಂದು ಹುಳದ ಪಕ್ಕ ಹಿಡಿದರು. ಮೊದಲ ದಿನ ಏಳು ಮಿಲಿಮೀಟರ್. ನಾಲ್ಕು ದಿನಕ್ಕೆ ಹದಿನಾಲ್ಕು. “ಇದೇನ ಗುರುದೇವಿ, ಎರಡು ಪಟ್ಟು ಆತಲ್ಲ, ನಮ್ಮ ಕಡೆ ಇಂಥಾ ಮಾಲು ಬಂದ್ರ ಸೀದಾ ರಿಜೆಕ್ಟ್” ಎಂದು ತಮಾಷೆ ಮಾಡಿದರು. ಚಹಾ ಆರಿಸಿಕೊಂಡು ಕಿಟಕಿ ಮುಂದೆ ನಿಂತಿರುತ್ತಿದ್ದರು. ಜನವರಿ ಮೂವತ್ತರಿಂದ ಪುಸ್ತಕದಲ್ಲಿರುವ ಅಳತೆ ನನ್ನದು, ನಿನ್ನ ಹಳೆಯ ಸ್ಕೇಲಿನದು. ನಿಮ್ಮಪ್ಪನಿಗೆ ಎರಡನೆಯ ಪಾಳಿ ಬಿದ್ದಿದೆ, ಬೆಳಗಿನ ಹೊತ್ತು ಮಲಗಿರುತ್ತಾರೆ.

ಇನ್ನು ಚರ್ಮದ ವಿಷಯ. ಬೆಳೆದ ಹಾಗೆ ಅಂಗಿ ಬಿಗಿಯಾಗುತ್ತದೆ, ಒಂದು ದಿನ ಊಟ ಬಿಟ್ಟು ಅಲ್ಲಾಡದೆ ಕೂರುತ್ತದೆ, ತಲೆಯ ಹಿಂದೆ ಬಿರುಕು ಬಿಟ್ಟು ಹಳೆಯ ಅಂಗಿಯಿಂದ ಹೊರಗೆ ನಡೆದು ಬರುತ್ತದೆ. ಇಷ್ಟು ನೀನು ಹೇಳಿದ್ದೆ. ಬಿಚ್ಚಿದ ಅಂಗಿಯನ್ನು ತಿರುಗಿ ನಿಂತು ತಿಂದುಬಿಡುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ನಾನು ದಂಗಾದೆ. ಕೊನೆಯ ಸಲ ಅಂಗಿ ಬಿಚ್ಚಿದಾಗ ಒಳಗಿನಿಂದ ಬಂದದ್ದು ಹಿಕ್ಕೆಯ ಬಣ್ಣದ್ದಲ್ಲ, ಎಳೆ ಬಿಲ್ವದ ಹಸಿರು! ಪಕ್ಕಕ್ಕೆ ಕಂದು ಪಟ್ಟಿ, ಹೆಗಲ ಮೇಲೆ ಸುಳ್ಳು ಕಣ್ಣು. ಚಿಕ್ಕದಿದ್ದಾಗ ಹಿಕ್ಕೆಯಂತೆ ಕಂಡು ಹಕ್ಕಿಯನ್ನು ಯಾಮಾರಿಸುತ್ತದೆ, ಸರಿ. ದೊಡ್ಡದಾದ ಮೇಲೆ ಅಷ್ಟು ದೊಡ್ಡ ಹಿಕ್ಕೆಯನ್ನು ಯಾರೂ ನಂಬುವುದಿಲ್ಲವೆಂದು ಅದಕ್ಕೆ ಯಾರು ಹೇಳಿಕೊಟ್ಟರು? ನಿನ್ನ ಪುಸ್ತಕದಲ್ಲಿ ಉತ್ತರ ಇದ್ದರೆ ಬರಿ.

ನಾನೂ ಬೆರಳಿನಿಂದ ಒಂದು ಸಲ ಬೆನ್ನು ತಟ್ಟಿ ನೋಡಿದೆ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೋಡು ಚಿಮ್ಮಿ ಬಂದವು, ಅಡುಗೆಮನೆ ತುಂಬ ಹುಳಿತ ಅನಾನಸಿನ ವಾಸನೆ. ಕ್ಷಮಿಸಪ್ಪಾ ಎಂದು ಕೈ ಹಿಂದೆಗೆದುಕೊಂಡೆ. ನಿಜವಾಗಿಯೂ ಹುಳಕ್ಕೆ ಕ್ಷಮೆ ಕೇಳಿದೆ.

ಜನವರಿ ಇಪ್ಪತ್ತೇಳರಿಂದ ಮೂರು ದಿನ ಪುಸ್ತಕ ಖಾಲಿ ಇದೆ. ಆಫೀಸಿನ ತರಬೇತಿಗೆಂದು ಮೈಸೂರಿಗೆ ಹೋಗಬೇಕಾಯಿತು. ಆ ಮೂರೇ ದಿನದಲ್ಲಿ ಮುಖ್ಯವಾದದ್ದೆಲ್ಲ ನಡೆದುಹೋಯಿತು. ನಾನು ಮೂವತ್ತರ ಮಧ್ಯಾಹ್ನ ಬಾಗಿಲು ತೆಗೆದು ಒಳಗೆ ಬಂದಾಗ ಗಿಡದಲ್ಲಿ ತಿನ್ನುವ ಸದ್ದೇ ಇರಲಿಲ್ಲ. ಎರಡನೆಯದು ಮತ್ತು ಮೂರನೆಯದು ಗಿಡದ ಕೊಂಬೆಯಲ್ಲೇ ಹಸಿರು ಗೂಡಾಗಿ ಒರಗಿದ್ದವು, ನಡುವಿಗೆ ಕಟ್ಟಿದ ಒಂದೇ ಒಂದು ನೂಲಿನ ಆಧಾರದ ಮೇಲೆ. ಥೇಟ್ ಕೂಸಿನ ಉಡಿದಾರ. ಐದನೆಯದು ಇನ್ನೂ ಹುಳವಾಗಿಯೇ ಇತ್ತು, ಆದರೆ ಗಿಡ ಬಿಟ್ಟು ಕಿಟಕಿಯ ಸರಳಿನ ಮೇಲೆ ಹುಚ್ಚು ಹಿಡಿದವರ ಹಾಗೆ ಅತ್ತಿಂದಿತ್ತ ಓಡಾಡುತ್ತಿತ್ತು. ಅದು ನನ್ನ ಕಣ್ಣೆದುರೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನೀರಾಗಿ ಹೊರಹಾಕಿ, ಸಣ್ಣಗಾಗಿ, ಮತ್ತೆ ಗಿಡಕ್ಕೇ ಇಳಿದು ಜಾಗ ಹುಡುಕಿತು. ಇಷ್ಟು ದಿನ ತಿಂದದ್ದು ಸಾಕೆಂದು ಅದಕ್ಕೆ ಒಂದೇ ಗಳಿಗೆಯಲ್ಲಿ ಹೇಗೆ ಗೊತ್ತಾಗುತ್ತದೆಯೋ.

ನಾಲ್ಕನೆಯದು ಕಾಣಲಿಲ್ಲ. ಗ್ಯಾಸಿನ ಹಿಂದೆ, ಡಬ್ಬಿಗಳ ಸಂದಿ, ಕಸಬರಿಗೆಯ ಬುಡ, ಎಲ್ಲ ಕಡೆ ಹುಡುಕಿ ಕೊನೆಗೆ ಗೋಡೆಯ ಕ್ಯಾಲೆಂಡರಿನ ಮೇಲೆ ಕಂಡಿತು. ಜನವರಿ ಹಾಳೆಯ ಕೆಳ ಮೂಲೆಯಲ್ಲಿ ಕಂದುಬಣ್ಣದ್ದೊಂದು ಒಣಗಿದ ಚೂರು, ಹಳೆಯ ಹುಣಸೆ ಸಿಪ್ಪೆಯ ಹಾಗೆ. ಗೂಡೆಂದರೆ ಹಸಿರು ಎಂದು ಎರಡು ನೋಡಿ ತಿಳಿದಿದ್ದೆನಲ್ಲ, ಇದು ಗೂಡು ಕಟ್ಟುವಾಗಲೇ ಸತ್ತು ಒಣಗಿದೆ ಎಂದುಕೊಂಡೆ. ನಾನು ಮನೆಯಲ್ಲಿದ್ದು ಎತ್ತಿ ಗಿಡಕ್ಕೆ ಬಿಟ್ಟಿದ್ದರೆ ಬದುಕುತ್ತಿತ್ತೇನೋ ಎನಿಸಿ ಅಳು ಬಂದುಬಿಟ್ಟಿತು. ಹುಳಕ್ಕಾಗಿ ಅಷ್ಟು ಅಳುವವಳಲ್ಲ ನಾನು, ನಿನಗೂ ಗೊತ್ತು.

ಒಂದನೆಯ ತಾರೀಖು ಭಾನುವಾರ ನೀನು ಫೋನ್ ಮಾಡಿದೆ. ನಾಲ್ಕೂ ಹೇಗಿವೆ ಎಂದೆ. ಚೆನ್ನಾಗಿವೆ ಎಂದೆ ನಾನು. ಬಾಯಿಗೆ ಬಂದೇ ಬಿಟ್ಟಿತು.

ಒಂದು ಸಲ ಬಾಯಿಗೆ ಬಂದದ್ದನ್ನು ನಿಜ ಮಾಡಬೇಕಲ್ಲ, ಸೋಮವಾರ ಆಬಿದಾಳನ್ನು ಕೇಳಿದೆ. ವಿಮಾ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಆಬಿದಾ, ನಿನಗೆ ಪ್ರತಿ ರಂಜಾನಿಗೆ ಶೀರ್ ಖುರ್ಮಾ ಕಳಿಸುವವಳು. ಅವಳ ಶಿವಾಜಿನಗರದ ಮನೆಯ ತಾರಸಿಯಲ್ಲಿ ಡ್ರಮ್ಮಿನಲ್ಲಿ ಬೆಳೆಸಿದ ನಿಂಬೆ ಗಿಡವಿದೆ, ಅದರಲ್ಲಿ ಇಂಥವೇ ಹುಳ ಎಂದು ಹಿಂದೆ ಯಾವಾಗಲೋ ಗೊಣಗಿದ್ದಳು. ಆಫೀಸು ಬಿಟ್ಟ ಮೇಲೆ ಅವಳ ಜೊತೆ ಹೋದೆ. ಕೊಂಬೆಯಲ್ಲಿ ಥಳಥಳ ಹಸಿರು ಗೂಡೊಂದು ಸಿಕ್ಕಿತು. ಕತ್ತರಿಯಿಂದ ಕೊಂಬೆ ಸಮೇತ ಕತ್ತರಿಸಿ ಊಟದ ಡಬ್ಬಿಯಲ್ಲಿಟ್ಟುಕೊಂಡೆ. ಯಾಕೆ ಎಂದು ಕೇಳಿದಳು, ಹೇಳಿದೆ. ಅವಳು ಕತ್ತರಿ ತಿರುಗಿ ತೆಗೆದುಕೊಂಡು ನನ್ನನ್ನೇ ನೋಡಿದಳು. “ಅರೆ ಗುರುದೇವಿ, ಒಂದು ಹುಳ ಸತ್ತೋಯ್ತು ಅಂತ ಬಚ್ಚಿಗೆ ಹೇಳಕ್ಕೆ ಇಷ್ಟು ಭಯಾನಾ? ಕ್ಲೇಮ್ ಫೈಲಲ್ಲಿ ಯಾರಾದ್ರೂ ಕಾಯಿಲೆ ಮುಚ್ಚಿಟ್ರೆ ನೀವೇ ತಾನೇ ಮೊದ್ಲು ಹಿಡಿಯೋದು?” ಎಂದಳು. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಹಿಡಿದುಕೊಂಡು ಲಿಂಗರಾಜಪುರದ ಮೇಲ್ಸೇತುವೆ ಬರುವ ತನಕ ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಕೂತಿದ್ದೆ. ಮನೆಗೆ ಬಂದು ಆ ಕೊಂಬೆಯನ್ನು ನಿನ್ನ ಗಿಡಕ್ಕೆ ಹಸಿರು ದಾರದಿಂದ ಕಟ್ಟಿ, ಪುಸ್ತಕದಲ್ಲಿ ನಾಲ್ಕನೆಯದು, ಗೂಡು, ಹಸಿರು ಎಂದು ಬರೆದೆ.

ಈಗ ಕೇಳು, ಮುಂದಿನದು ಕೇಳು.

ಎರಡನೆಯದು ಒಂಬತ್ತನೆಯ ತಾರೀಖು ಬಂತು. ಹಿಂದಿನ ದಿನವೇ ಗೂಡಿನ ಹಸಿರು ಮಾಸಿ, ಒಳಗಿನ ರೆಕ್ಕೆಯ ಕಪ್ಪು ಹಳದಿ ಚುಕ್ಕೆಗಳು ಗಾಜಿನೊಳಗಿಂದ ಕಂಡ ಹಾಗೆ ಕಂಡವು. ಬೆಳಿಗ್ಗೆ ಹಾಲು ಉಕ್ಕಿತೆಂದು ಓಡಿದೆ, ತಿರುಗಿ ಬಂದರೆ ಹೊರಗೆ ನೇತಾಡುತ್ತಿದೆ! ರೆಕ್ಕೆ ಎಂಬುದೇ ಇಲ್ಲ, ಎರಡು ಹಿಂಡಿದ ಒದ್ದೆ ಬಟ್ಟೆ. ಹೊಟ್ಟೆ ಮಾತ್ರ ದಪ್ಪ. ನೋಡನೋಡುತ್ತ ಹೊಟ್ಟೆಯಲ್ಲಿದ್ದ ನೀರು ರೆಕ್ಕೆಗೆ ಏರಿ ಅವು ಬಿಚ್ಚಿಕೊಳ್ಳತೊಡಗಿದವು. ಸೊಂಡಿಲು ಎರಡು ಎಳೆಯಾಗಿ ಸೀಳಿತ್ತು. ಅದನ್ನು ಬಿಚ್ಚಿ, ಸುತ್ತಿ, ಬಿಚ್ಚಿ, ಸುತ್ತಿ ಎರಡನ್ನೂ ಒಂದು ಮಾಡಿಕೊಂಡಿತು. ಇದನ್ನು ನೀನು ನೋಡಿದ್ದೀಯಾ? ಕಚಕಚ ಎಲೆ ಕಡಿಯುತ್ತಿದ್ದ ಆ ಬಾಯಿ ಎಲ್ಲಿ ಹೋಯಿತು? ಮಲಗಿದವರಿಗೆ ಎಬ್ಬಿಸಿ ತೋರಿಸಿದೆ. ನಿಮ್ಮಪ್ಪ ಬಹಳ ಹೊತ್ತು ನೋಡಿ, ರೆಕ್ಕೆಯ ಕೆಳಗಿನ ಆ ಇಟ್ಟಿಗೆ ಕೆಂಪಿನ ಚುಕ್ಕೆ ಎರಡೂ ಕಡೆ ಒಂದೇ ಅಳತೆ ಇದೆ ಎಂದರು. ಅಷ್ಟೇ ಅವರ ಸರ್ಟಿಫಿಕೇಟು. ಎರಡು ತಾಸಿನ ಮೇಲೆ ಕಿಟಕಿಯಿಂದ ಹಾರಿತು.

ಹತ್ತಕ್ಕೆ ಆಬಿದಾಳ ಮನೆಯದು ಬಿಚ್ಚಿತು. ನಾನು ಹೆಮ್ಮೆಯಿಂದ ಪುಸ್ತಕ ಹಿಡಿದು ನಿಂತಿದ್ದೇನೆ, ಬಂದದ್ದು ಬೇರೆಯೇ ಚಿಟ್ಟೆ. ಅಚ್ಚ ಕಪ್ಪು, ಹಿಂದಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಒಂದು ಸಾಲು, ಕೆಳಗೆ ಎರಡು ಬಾಲ! ನಮ್ಮದಕ್ಕೆ ಬಾಲವೇ ಇಲ್ಲ. ಒಂದೇ ನಿಂಬೆ ಗಿಡಕ್ಕೆ ಎರಡು ಜಾತಿಯವೂ ಬಂದು ಮೊಟ್ಟೆ ಇಡುತ್ತವೆ, ಗೂಡು ಸುಮಾರಾಗಿ ಒಂದೇ ಥರ ಇರುತ್ತದೆ ಎಂದು ಆಮೇಲೆ ಮೊಬೈಲಿನಲ್ಲಿ ಓದಿದೆ. ನಾಲ್ಕನೆಯದು, ಚಿಟ್ಟೆ, ಎಂದು ಬರೆದು ಫೋಟೋ ಅಂಟಿಸಿದ್ದರೆ ನೀನು ಪುಟ ತೆರೆದ ಗಳಿಗೆಯಲ್ಲೇ ನನ್ನ ಬಣ್ಣ ಬಯಲಾಗುತ್ತಿತ್ತು. ಅಷ್ಟು ಜೋಪಾನವಾಗಿ ಡಬ್ಬಿಯಲ್ಲಿ ತಂದ ಸುಳ್ಳು ಬಾಲ ಬಿಟ್ಟುಕೊಂಡು ಎದುರಿಗೆ ಕೂತಿತ್ತು. ನಾನೊಬ್ಬಳೇ ನಿಂತು ನಕ್ಕೆ, ನಗುತ್ತಲೇ ನಾಚಿಕೆಯೂ ಆಯಿತು.

ಮಾರನೆಯ ದಿನ, ಅಂದರೆ ನಿನ್ನೆ ಬೆಳಿಗ್ಗೆ, ಸತ್ತಿತೆಂದು ನಾನು ತೀರ್ಮಾನ ಮಾಡಿದ್ದ ಕ್ಯಾಲೆಂಡರಿನ ಕಂದು ಚೂರು ಖಾಲಿಯಾಗಿತ್ತು. ಅದರ ಮೇಲೆ, ಜನವರಿಯ ಕೊನೆಯ ವಾರಕ್ಕೆ ಕಾಲು ಊರಿಕೊಂಡು, ನಮ್ಮದೇ ಜಾತಿಯ ಚಿಟ್ಟೆ, ಹಳದಿ ಚುಕ್ಕೆ, ಕೆಂಪು ಗುರುತು ಎಲ್ಲ ಸರಿಯಾಗಿ. ಹಸಿರು ಕೊಂಬೆಯಲ್ಲಿ ಕಟ್ಟಿದ್ದಕ್ಕೆ ಹಸಿರು, ಕಂದು ಜಾಗದಲ್ಲಿ ಕಟ್ಟಿದ್ದಕ್ಕೆ ಕಂದು, ಇಷ್ಟೇ ವ್ಯತ್ಯಾಸ. ಹದಿಮೂರು ದಿನ ಅದು ನನ್ನ ಒಗ್ಗರಣೆಯ ಹೊಗೆ ಕುಡಿದುಕೊಂಡು ಜೀವಂತವಾಗಿಯೇ ಇತ್ತು. ಸತ್ತದ್ದನ್ನು ಎಸೆದರೆ ನೀನು ಬೈಯುತ್ತೀಯೆಂದು ಹೆದರಿ ಹಾಳೆ ಹರಿದಿರಲಿಲ್ಲ, ಅದಕ್ಕೆ ಉಳಿಯಿತು. ನಮ್ಮ ಅಡುಗೆಮನೆಯಲ್ಲಿ ಇನ್ನೂ ಜನವರಿಯೇ ಇದೆ.

ಮೂರನೆಯದು ಬರಲಿಲ್ಲ. ಇದನ್ನು ಬರೆಯಲು ಇಷ್ಟವಿಲ್ಲ, ಬರೆಯುತ್ತೇನೆ. ಗೂಡಿನ ಬದಿಗೆ ಸೂಜಿ ಚುಚ್ಚಿದಂಥ ತೂತಾಯಿತು, ಅದರಿಂದ ಎಳ್ಳಿಗಿಂತ ಸಣ್ಣ ಕಣಜಗಳು ಒಂದೊಂದಾಗಿ ಹೊರಬಂದವು. ನಲವತ್ತರ ತನಕ ಎಣಿಸಿ ಬಿಟ್ಟೆ. ಗೂಡು ಹಸಿಯಾಗಿದ್ದಾಗಲೇ ತಾಯಿ ಕಣಜ ಬಂದು ಒಳಗೆ ಮೊಟ್ಟೆ ಇಡುತ್ತದಂತೆ, ಮರಿಗಳು ಒಳಗಿನಿಂದಲೇ ತಿಂದು ಮುಗಿಸುತ್ತವಂತೆ. ಹೊರಗಿನಿಂದ ನೋಡಿದರೆ ಅದು ಎಲ್ಲಕ್ಕಿಂತ ಚೆನ್ನಾಗಿತ್ತು ಸೃಷ್ಟಿ. ಎಲ್ಲಕ್ಕಿಂತ ಹಸಿರಾಗಿತ್ತು. ಮೊದಲು ಆ ಕಣಜಗಳ ಮೇಲೆ ಕೋಪ ಬಂತು, ಆಮೇಲೆ ಅವೂ ಒಂದು ತಾಯಿಯ ಮಕ್ಕಳೇ ಅಲ್ಲವೇ ಎನಿಸಿ ಕಿಟಕಿ ತೆಗೆದೆ. ಐದನೆಯದರ ಹಣೆಯಲ್ಲಿ ಏನು ಬರೆದಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಪುಸ್ತಕದಲ್ಲಿ ಬರೆದಿದ್ದೇನೆ.

ನಿನ್ನೆಯಿಂದ ನಾನು ನಿಮ್ಮಜ್ಜಿಯದನ್ನೇ ಯೋಚಿಸುತ್ತಿದ್ದೇನೆ. ನಾವಿಬ್ಬರೂ ಎರಡು ವರ್ಷದಿಂದ ಆ ಮಾತು ಎತ್ತಿಲ್ಲ. ನಿನ್ನ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ದಿನ ಇಳಕಲ್ಲಿನಲ್ಲಿ ನಿನ್ನ ದೊಡ್ಡಪ್ಪನ ಮನೆಯಲ್ಲಿ ಅವರು ತೀರಿಕೊಂಡರು. ನಿಮ್ಮಪ್ಪ ಕಾರ್ಖಾನೆಯ ಕೆಲಸ ಎಂದು ಹೇಳಿ ಊರಿಗೆ ಹೋದರು, ನಾನು ನಿನ್ನ ಜೊತೆ ಉಳಿದೆ. ಹನ್ನೊಂದು ದಿನ. ಪ್ರತಿ ಪರೀಕ್ಷೆ ಮುಗಿಸಿ ಬಂದು ನೀನು ಅಜ್ಜಿಗೆ ಫೋನ್ ಹಚ್ಚು ಎನ್ನುತ್ತಿದ್ದೆ. ಅಜ್ಜಿ ಪೂಜೆಗೆ ಕೂತಿದ್ದಾರೆ, ಈಗ ಮಾತಾಡುವುದಿಲ್ಲ, ಎನ್ನುತ್ತಿದ್ದೆ ನಾನು. ಕೊನೆಯ ಪರೀಕ್ಷೆಯ ಸಂಜೆ ಹೇಳಿದಾಗ ನೀನು ಅಳಲಿಲ್ಲ. 'ನೀ ಸುಳ್ಳ ಹೇಳಿಲ್ಲ ಬಿಡವ್ವ, ಕೂತೇ ಇದ್ಲಲ್ಲ' ಎಂದೆ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೈಯಲ್ಲಿ ಲಿಂಗ ಕೊಟ್ಟು ಪೂಜೆಗೆ ಕೂತಂತೆಯೇ ಕೂರಿಸಿ ಮಣ್ಣು ಮಾಡುತ್ತೇವೆ ಎಂಬುದು ಆ ಹೊತ್ತಿಗೆ ನನಗೆ ಹೊಳೆದಿರಲಿಲ್ಲ. ನಿನಗೆ ಹೊಳೆಯಿತು.

ನಿನಗೆ ಗಣಿತದಲ್ಲಿ ತೊಂಬತ್ತಾರು ಬಂತು. ಎಲ್ಲರೂ ನಾನು ಮಾಡಿದ್ದೇ ಸರಿ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನ ದುಃಖವನ್ನು ಹನ್ನೊಂದು ದಿನ ಮುಂದೆ ಹಾಕಿದೆ ಎಂದು ತಿಳಿದಿದ್ದೆ. ಮಣ್ಣು ಹಾಕುವಾಗ ನೀನು ಅಲ್ಲಿರಬೇಕಿತ್ತು, ಅದನ್ನು ನಾನು ಕಿತ್ತುಕೊಂಡೆ, ತಿರುಗಿ ಕೊಡಲು ನನ್ನಿಂದಾಗುವುದಿಲ್ಲ. ತಪ್ಪಾಯಿತು ಮಗಳೇ. ನಿನಗೆ ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ನನಗೆ ಬರಲೇ ಇಲ್ಲ.

ಪುಸ್ತಕದಲ್ಲಿ ನಾಲ್ಕನೆಯದರ ಎದುರು ಬರೆದ ಸುಳ್ಳನ್ನು ಹೊಡೆದು ಹಾಕಿ ಪಕ್ಕದಲ್ಲಿ ನಡೆದದ್ದನ್ನು ಬರೆದಿದ್ದೇನೆ. ಪುಸ್ತಕ ನಿನ್ನ ಮೇಜಿನ ಮೇಲಿದೆ. ಚೆನ್ನಾಗಿ ಊಟ ಮಾಡು. ಆ ಅಳುವ ಹುಡುಗಿಗೆ ಒಂದು ಸಲ ನಿನ್ನ ಸರದಿ ಬಿಟ್ಟುಕೊಡು.

ಪೂರ್ತಿ ಕೇಳುತ್ತೀಯೆಂಬ ಆಸೆಯಿಂದ,
ನಿನ್ನ ಅವ್ವ
ಗುರುದೇವಿ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಹರಿದು ಮತ್ತೆ ಬರೆಯುತ್ತಿದ್ದೇನೆ.

ನಾನು ಮೈಸೂರಿಗೆ ಹೋಗಿರಲಿಲ್ಲ. ನಿಮ್ಮಪ್ಪನಿಗೆ ಎರಡನೆಯ ಪಾಳಿಯೂ ಇಲ್ಲ. ಇಪ್ಪತ್ತೇಳರ ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗೆ ಕಾಯುವಾಗ ಅವರಿಗೆ ಎದೆನೋವು ಬಂತು. ಹೃದಯಾಘಾತ. ಅಲ್ಲೇ ನಿಂತಿದ್ದವರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಎರಡು ಸ್ಟೆಂಟ್ ಹಾಕಿದ್ದಾರೆ. ಆ ಮೂರು ದಿನ ನಾನು ಆಸ್ಪತ್ರೆಯಲ್ಲಿದ್ದೆ, ಮೂವತ್ತಕ್ಕೆ ಮನೆಗೆ ಕರೆತಂದೆ. ಅಪ್ಪನ ದನಿ ಯಾಕೆ ಸಣ್ಣಗಿದೆ ಎಂದು ನೀನು ಕೇಳಿದಾಗ ನೆಗಡಿ ಎಂದದ್ದೂ ಸುಳ್ಳು. ಡಾಕ್ಟರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ದೊಡ್ಡ ಗಂಡಾಂತರ ಕಳೆದಿದೆ, ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆ, ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದು ಆರು ವಾರದ ಮೇಲೆ ತಿಳಿಯುತ್ತದೆ. ಮನೆಯೊಳಗೆ ಓಡಾಡುತ್ತಾರೆ, ಉಪ್ಪಿಲ್ಲದ ಸಾರಿಗೆ ಜಗಳ ಮಾಡುತ್ತಾರೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಪರೀಕ್ಷೆ ಮುಗಿಯುವ ತನಕ ನಿನಗೆ ಹೇಳಕೂಡದೆಂದು ಅವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಮುರಿದಿದ್ದೇನೆ. ಇದರಿಂದ ನಿನ್ನ ಪರೀಕ್ಷೆ ಕೆಟ್ಟರೆ ಆ ತಪ್ಪು ನನ್ನದೇ ಇರಲಿ. ಬರಬೇಕೆನಿಸಿದರೆ ಬಾ, ಓದಬೇಕೆನಿಸಿದರೆ ಅಲ್ಲೇ ಇದ್ದು ಓದು, ನಾನು ಯಾವುದಕ್ಕೂ ಏನೂ ಅನ್ನುವುದಿಲ್ಲ. ಇಡೀ ಪತ್ರವನ್ನು ಈಗ ಅವರಿಗೆ ಓದಿ ಹೇಳಿದೆ. ಕೊನೆಯ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಪೆನ್ನು ಕೇಳಿದರು.

ಸೃಷ್ಟಿ, ನಿಮ್ಮವ್ವ ಬರದದ್ದೆಲ್ಲಾ ಖರೇ. ಪರೀಕ್ಷಾದ ಸಲುವಾಗಿ ಹೇಳಬ್ಯಾಡ ಅಂದದ್ದು ಬರೇ ನೆಪ. ನಿನ್ನ ಮಾರಿ ನೋಡಿದ್ರ ನನಗ ಅಳು ಬರತೈತಿ ಅಂತ ಅಂಜಿದ್ದೆ. ಒಂದ ದಿನ ಬಂದು ಹೋಗು ಮಗಳ.
ಅಪ್ಪ